ಖಾಲಿ ಜಾಗದೊಳಗಿನ ದೊಡ್ಡವ್ವ

ಏನು ಓದುತ್ತೀ ಎಂದು ಯಾರಾದರೂ ಕೇಳಿದರೆ ನನಗೆ ಸಣ್ಣ ಸಂಕಟ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಸಿಂಧನೂರಿನ ನಮ್ಮ ಮನೆಗೆ ಹೊರಟಾಗ ಪಕ್ಕದ ಸೀಟಿನವರು ಕೇಳಿಯೇ ಕೇಳುತ್ತಾರೆ. ಒಮ್ಮೆ ನಿಜವನ್ನೇ ಹೇಳಿದೆ: ಕಂಪ್ಯೂಟರ್ ತನ್ನ ನೆನಪಿನ ಜಾಗವನ್ನು ಹೇಗೆ ಹಂಚುತ್ತದೆ, ಫೈಲುಗಳನ್ನು ಎಲ್ಲಿಟ್ಟು ಹೇಗೆ ಹುಡುಕುತ್ತದೆ ಎಂಬ ಬಗ್ಗೆ ಸಂಶೋಧನೆ ಮಾಡುತ್ತೇನೆ ಎಂದು. ಆ ಹೆಂಗಸು ಮಡಿಲಿನ ಚೀಲ ಸರಿಪಡಿಸಿಕೊಂಡು, "ಅಂದ್ರ ಸಾಮಾನ ಎತ್ತಿಡೋ ಕೆಲಸ ಅನ್ರಿ" ಎಂದರು. ಅಂದಿನಿಂದ "ಕಂಪ್ಯೂಟರ್ ರೀ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತೇನೆ.

ಆದರೆ ಆ ಸಾಮಾನು ಎತ್ತಿಡುವ ಕೆಲಸದ ಮುಂದೆ ನಾನು ಇಂದಿಗೂ ಬೆರಗಾಗಿಯೇ ಕೂತಿದ್ದೇನೆ. ಒಂದು ಫೋನಿನಲ್ಲಿ ಹತ್ತಾರು ಕೆಲಸಗಳು ಒಟ್ಟಿಗೆ ನಡೆಯುವಾಗ ಪ್ರತಿಯೊಂದಕ್ಕೂ ಇಡೀ ಮನೆ ತನ್ನದೇ ಎಂಬ ಭ್ರಮೆ. ಆ ಭ್ರಮೆಯನ್ನು ಕಾಪಾಡುತ್ತ, ಒಂದರ ಕೋಣೆಗೆ ಇನ್ನೊಂದು ಕಾಲಿಡದಂತೆ ನೋಡಿಕೊಳ್ಳುವ ವ್ಯವಸ್ಥೆಯೊಂದು ಒಳಗೆ ಸದ್ದಿಲ್ಲದೆ ದುಡಿಯುತ್ತಿರುತ್ತದೆ. ಅಣ್ಣತಮ್ಮಂದಿರು ಒಂದು ಬದುವಿಗಾಗಿ ಕೋರ್ಟು ಹತ್ತುವ ಕಡೆ ಬೆಳೆದವಳಿಗೆ ಇದು ಪವಾಡವಲ್ಲದೆ ಇನ್ನೇನು.

ಇನ್ನೂ ದೊಡ್ಡ ಬೆರಗು ಅಳಿಸುವುದರಲ್ಲಿದೆ. ಮೆಮೊರಿ ಕಾರ್ಡಿನಂಥದರಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಆ ಕ್ಷಣಕ್ಕೇ ಅಳಿಯುವುದಿಲ್ಲ. ಹೋಗುವುದು ಅದರ ಹೆಸರು ಮತ್ತು ಅದು ಇದ್ದ ಜಾಗದ ಗುರುತು ಮಾತ್ರ. 'ಇಲ್ಲಿ ಖಾಲಿ' ಎಂದು ಬರೆದ ಜಾಗದಲ್ಲಿ ಹಳೆಯದು ಹಾಗೆಯೇ ಕೂತಿರುತ್ತದೆ, ಹೊಸದು ಬಂದು ಅದರ ಮೇಲೆ ಕೂರುವ ತನಕ.

ಬಸ್ಸು ಮಸ್ಕಿಯ ಗುಡ್ಡ ದಾಟುವಾಗ ನನಗೆ ಇದೇ ನೆನಪಾಗುತ್ತದೆ. ದೇಶದ ಎಷ್ಟೋ ಬಂಡೆಗಳ ಮೇಲೆ ಒಬ್ಬ ಚಕ್ರವರ್ತಿಯ ಮಾತುಗಳು ಶತಮಾನಗಟ್ಟಲೆ ಉಳಿದಿದ್ದವು. 'ದೇವರಿಗೆ ಪ್ರಿಯನಾದವನು' ಎಂಬ ಬಿರುದಿತ್ತು. ಆ ಪ್ರಿಯ ಯಾರೆಂದು ಖಚಿತವಾಗಿ ಹೇಳಲು ಹೆಸರಿರಲಿಲ್ಲ. ಬಿರುದಿನ ಜೊತೆ ಹೆಸರೂ ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆಯಲ್ಲಿ. ಮಾತು ಎಲ್ಲೂ ಹೋಗಿರಲಿಲ್ಲ, ಹೆಸರಿನ ದಾರಿ ತಪ್ಪಿತ್ತು, ಅಷ್ಟೇ. ಇದನ್ನು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಸೇರಿಸಿದ್ದೆ. ಮಾರ್ಗದರ್ಶಕರು ಪೆನ್ಸಿಲ್ಲಿನಿಂದ ಅಡ್ಡ ಗೆರೆ ಎಳೆದು ವಾಪಸು ಕೊಟ್ಟರು.

ಅದೇ ಮಸ್ಕಿಯಲ್ಲಿ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇದ್ದಳು. ಎಳ್ಳಮಾಸಿಗೆ ನಾವೆಲ್ಲ ಆಕೆಯ ಜೋಳದ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದೆವು. ಎಳ್ಳು ಅಮಾವಾಸ್ಯೆಯಂದು ಭೂಮಿತಾಯಿಗೆ ಉಣಿಸುವ ಹಬ್ಬ ಅದು. ಒಬ್ಬರು ಕೂಗುತ್ತ ಬೆಳೆಯ ನಡುವೆ ಅನ್ನ ಎರಚುತ್ತ ನಡೆದರೆ, ಹಿಂದಿನವರು ತಂಬಿಗೆಯಿಂದ ನೀರು ಹಾಕುತ್ತ ಹೋಗಬೇಕು. ದೊಡ್ಡವ್ವ ಕೂಗಿದರೆ ಪಕ್ಕದ ಹೊಲದವರೂ ನಿಂತು ಕೇಳುತ್ತಿದ್ದರು. ಆಕೆಯ ಕೊನೆಯ ಎಳ್ಳಮಾಸಿಯಂದು ಅವ್ವ ಆ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿದ್ದಳು. ದೊಡ್ಡವ್ವ ಹೋದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಚ್ಚಿಕೊಂಡು ಕೇಳುತ್ತಿದ್ದಳು. ಆಕೆ ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಪ್ರೀತಿ ನಡೆಯುವುದೇ ಹೀಗೆ.

ಈ ಸಲ ಹಬ್ಬಕ್ಕೆ ಮುಂಚೆ ಮನೆಯನ್ನೆಲ್ಲ ತೊಳೆದ ಅವ್ವ, ಅದೇ ಹುರುಪಿನಲ್ಲಿ ಫೋನನ್ನೂ ಹಸನು ಮಾಡಿದಳು. ಶುಭೋದಯದ ಗುಲಾಬಿಗಳ ಜೊತೆಗೆ ದೊಡ್ಡವ್ವನೂ ಹೋದಳು. ನನಗೆ ಫೋನು ಮಾಡಿದಾಗ ಅಳಲಿಲ್ಲ. "ಹಬ್ಬಕ್ಕ ಬರ್ತಿಯಲ್ಲ, ಫೋನ್‌ದಾಗ ಒಂಚೂರು ಕೆಲಸ ಐತಿ" ಎಂದಳು. ಸುದ್ದಿ ಏನೆಂದು ತಿಳಿದದ್ದು ಹಬ್ಬಕ್ಕೆ ಹೊರಟ ದಿನ, ಲಿಂಗಸುಗೂರಿನ ಚಿಗವ್ವನಿಂದ, ಅಂದರೆ ಅವ್ವನ ತಂಗಿಯಿಂದ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಕಳಕೊಂಡವರ ಮುಂದೆ ಖಾಲಿ ಕೈಯಲ್ಲಿ ನಿಲ್ಲಲು ನಮ್ಮವರಿಗೆ ಬರುವುದಿಲ್ಲ. ಈಗಲೂ ಹಾಗೆಯೇ ಆಯಿತು. ಚಿಗವ್ವ, ಆಕೆಯ ಮಕ್ಕಳು, ಜವಳಗೇರಾದ ಮಾವ, ಎಲ್ಲರೂ ತಮ್ಮ ಹತ್ತಿರ ಇದ್ದ ದೊಡ್ಡವ್ವನ ಫೋಟೋ, ವಿಡಿಯೋ ಕಳಿಸಿದರು. ಅವ್ವ ಒಂದೊಂದನ್ನೂ ಜೋಪಾನವಾಗಿ ಮೆಮೊರಿ ಕಾರ್ಡಿಗೆ ಇಳಿಸಿಟ್ಟಳು. ಹಾಗೆ ಇಳಿಸುವುದನ್ನು ಕಲಿಸಿದವಳು ಸಂಶೋಧಕಿಯಾದ ನಾನೇ. ಆ ಬುತ್ತಿಗಳೆಲ್ಲ ಬಂದು ಕೂತದ್ದಾದರೂ ಎಲ್ಲಿ? ಖಾಲಿ ಎಂದು ಬರೆದಿದ್ದ ಜಾಗದಲ್ಲಿ. ದೊಡ್ಡವ್ವನ ಚಿತ್ರಗಳು ದೊಡ್ಡವ್ವನ ದನಿಯ ಮೇಲೆ ಕೂರತೊಡಗಿದ್ದವು.

ಮನೆ ಮುಟ್ಟಿದವಳೇ ಅವ್ವನ ಫೋನಿನಿಂದ ಕಾರ್ಡು ತೆಗೆದೆ.

"ಯಾಕಬೇ, ಬಂದಾಕಿ ಮೊದ್ಲು ನೀರರ ಕುಡಿ."

"ಇನ್ನೊಂದು ಫೋಟೋ ಇಳಿಸಬ್ಯಾಡ ಅವ್ವ."

"ನಿಮ್ಮ ಚಿಗವ್ವ ಇನ್ನಾ ಕಳಸಾಕತ್ಯಾಳ. ಬ್ಯಾಡ ಅಂದ್ರ ಸಿಟ್ಟಾಗ್ತಾಳ."

"ಆಗ್ಲಿ."

ನಾನು ಹಾಗೆ ಮಾತಾಡುವವಳಲ್ಲ. ಅವ್ವ ನನ್ನ ಮುಖ ನೋಡಿ ಫೋನನ್ನು ಬದಿಗಿಟ್ಟಳು. ಲ್ಯಾಪ್‌ಟಾಪಿಗೆ ಕಾರ್ಡು ಹಾಕಿದೆ. ಹೆಸರಿಲ್ಲದ ಜಾಗಗಳನ್ನು ಒಂದೊಂದಾಗಿ ತಟ್ಟಿ, ದನಿಯ ಲಕ್ಷಣ ಇದ್ದದ್ದನ್ನು ಆಯ್ದುಕೊಳ್ಳುವ ಕೆಲಸ. ಅವ್ವ ಅಕ್ಕಿಯ ಮೊರ ಹಿಡಿದು ಪಕ್ಕದಲ್ಲಿ ಕೂತಳು, ಕೈ ಮಾತ್ರ ಆಡಲಿಲ್ಲ.

"ಒಳಗ ಅದಾಳೇನು?"

"ನೋಡಾಕತ್ತೀನಿ."

"ಇದ್ರ ಸುಮ್ನ ಕುಂದ್ರೋ ಪೈಕಿ ಅಲ್ಲ ಆಕಿ."

ಕೂಗು ಸಿಗಲಿಲ್ಲ. ಅದರ ಜಾಗದಲ್ಲಿ ಚಿಗವ್ವನ ಮಗಳ ಮದುವೆ ಗಟ್ಟಿಯಾಗಿ ಕೂತಿತ್ತು. ಸಿಕ್ಕಿದ್ದು ಬಾಲದ ತುಂಡೊಂದೇ. ಮೊದಲು ಗಾಳಿ, ಜೋಳದ ಎಲೆಗಳ ಸದ್ದು, ಆಮೇಲೆ ದೊಡ್ಡವ್ವ:

"ಏ ಗೌರಿ, ಫೋನ್ ಹಿಡಿಯಾಕ ಬಂದಿಯೋ, ನೀರ್ ಹಾಕಾಕ ಬಂದಿಯೋ? ಭೂಮ್ತಾಯಿ ಉಂಡು ಕುಂತಾಳ, ಬಿಕ್ಕು ಹತ್ತತಾವ ಆಕಿಗೆ. ಹಾಕಬೇ."

ಅಲ್ಲಿಗೆ ಮುಗಿಯಿತು. ಗೌರಿ ಎಂದರೆ ನಮ್ಮ ಅವ್ವ. ಆ ಹೆಸರನ್ನು ಆ ಥರ ಕರೆಯುವವರು ಈಗ ಯಾರೂ ಇಲ್ಲ.

"ಇಷ್ಟ ಸಿಕ್ಕೈತಿ ಅವ್ವ. ಕೂಗು ಹೋತು" ಎಂದೆ. ಇಷ್ಟೆಲ್ಲ ಓದಿದ್ದು ಇಷ್ಟಕ್ಕೇನಾ ಅನ್ನಿಸಿತು.

ಅವ್ವ ಮತ್ತೊಮ್ಮೆ ಹಚ್ಚಲು ಹೇಳಿದಳು. ಇನ್ನೂ ಒಮ್ಮೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಕೂಗೇನು, ನನಗೂ ಬರ್ತೈತಿ, ನಿಮ್ಮ ಚಿಗವ್ವಗೂ ಬರ್ತೈತಿ. ಹಿಂಗ ಬೈಯಾಕ ಯಾರಿಗೆ ಬರ್ತೈತಿ ಹೇಳು" ಎಂದಳು. ಮೊರದೊಳಗೆ ಕೈ ಆಡತೊಡಗಿತು.

ಎಳ್ಳಮಾಸಿಯ ದಿನ ಮಸ್ಕಿಯ ಹೊಲದಲ್ಲಿ ಅವ್ವ ಕೂಗುತ್ತ ಮುಂದೆ ನಡೆದಳು. ತಂಬಿಗೆ ಹಿಡಿದು ನಾನು ಹಿಂದೆ. ದೊಡ್ಡವ್ವ ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ಉಸಿರು, ಏರಿಸುತ್ತಿದ್ದ ಕಡೆಯೇ ಏರು. ಇದೆಲ್ಲ ಇಷ್ಟು ವರ್ಷ ಎಲ್ಲಿತ್ತು, ಯಾವ ಜಾಗದಲ್ಲಿ, ಯಾವ ಗುರುತಿನಿಂದ ಈಗ ಎದ್ದು ಬಂತು? ನಾನು ಓದಿದ ಯಾವ ಸಂಶೋಧನೆಯಲ್ಲೂ ಇದಕ್ಕೆ ಉತ್ತರವಿಲ್ಲ. ಯೋಚಿಸುತ್ತ ನಿಂತೇಬಿಟ್ಟೆನೆಂದು ಕಾಣುತ್ತದೆ.

"ಏ, ನಿಂದ್ರಾಕ ಬಂದಿಯೋ, ನೀರ್ ಹಾಕಾಕ ಬಂದಿಯೋ? ಬಿಕ್ಕು ಹತ್ತತಾವ ಆಕಿಗೆ. ಹಾಕಬೇ" ಎಂದಳು ಅವ್ವ, ಹಿಂತಿರುಗಿ ನೋಡದೆ.

ನಾನು ಹಾಕಿದೆ.