ಗೋಡೆಯೊಳಗೆ ಹೋಗುವ ಬಾಣ

ಮೂಡಬಿದಿರೆ ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ ಮುಂಡಪ್ಪನ ಅಕ್ಷರ ಬಲು ಚೆಂದ. ಸೋಡಾ ಅಂಗಡಿಯಿಂದ ಬಸ್ಸಿನ ಹಣೆಯವರೆಗೆ ಅವನದೇ ಕೈ. ಲೆಕ್ಕಕ್ಕೆ ಹೆದರಿ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ೧೯೬೩ರಲ್ಲಿ ಹೈಸ್ಕೂಲಿನಿಂದ ಕರೆ ಬಂದಾಗ ಒಳಗೊಳಗೇ ಹಿಗ್ಗು. ವಿಜ್ಞಾನದ ಮಾಷ್ಟ್ರು ರಮಾನಾಥರು ಒಂದು ಚಿತ್ರ ಕೊಟ್ಟು, ತರಗತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಲು ಹೇಳಿ ಮಂಗಳೂರಿಗೆ ಹೋದರು.

ಚಿತ್ರದ ನಡುವೆ ನೆಟ್ಟಗೆ ನಿಂತ ಕರೆಂಟಿನ ತಂತಿ. ಎಡಗಡೆಯ ಪುಟ್ಟ ವೃತ್ತಗಳಲ್ಲಿ ಚುಕ್ಕೆ, ಬಲಗಡೆಯವುಗಳಲ್ಲಿ ಕತ್ತರಿ ಗೆರೆ. ಮುಂಡಪ್ಪನಿಗೆ ಕಸಿವಿಸಿಯಾಯಿತು. ಹಿಂದೆ ಲೆಕ್ಕ ತಪ್ಪಿದಾಗಲೆಲ್ಲ ಅವನ ಸ್ಲೇಟಿನ ಮೇಲೆ ಮಾಷ್ಟ್ರುಗಳು ಎಳೆಯುತ್ತಿದ್ದುದೂ ಇದೇ ಗೆರೆ. ಯಾರೋ ತಪ್ಪೆಂದು ಹೊಡೆದುಹಾಕಿದ್ದನ್ನು ಗೋಡೆಯ ಮೇಲೆ ಬರೆಯುವುದೇ? ತುಂಬ ಹೊತ್ತು ಯೋಚಿಸಿ, ಎಲ್ಲ ವೃತ್ತಗಳಿಗೂ ಚುಕ್ಕೆಯನ್ನೇ ಇಟ್ಟ.

ಮರುದಿನ ರಮಾನಾಥರು ಹಣೆ ಚಚ್ಚಿಕೊಂಡರು.

"ಅದು ತಪ್ಪಿನ ಗುರುತಲ್ಲ ಮುಂಡಪ್ಪಣ್ಣ! ಅಯಸ್ಕಾಂತದ ಬಲ ಯಾವ ಕಡೆಗೆ ಅಂತ ತೋರಿಸ್ಲಿಕ್ಕೆ ಇರುವುದು. ಆ ಬಲವನ್ನು ಒಂದು ಬಾಣ ಅಂತ ತಿಳ್ಕೊಳ್ಳಿ. ಬಾಣ ನಮ್ಮ ಕಡೆ ಬಂದ್ರೆ ಮೊನೆ ಕಾಣ್ತದೆ, ಅದಕ್ಕೆ ಚುಕ್ಕೆ. ಆಚೆ ಹೋದ್ರೆ ಹಿಂದಿನ ಗರಿ ಕಾಣ್ತದೆ, ಅದಕ್ಕೆ ಕತ್ತರಿ."

"ಆಚೆ ಅಂದ್ರೆ ಎಲ್ಲಿಗೆ ಮಾಷ್ಟ್ರೇ?"

"ಗೋಡೆಯ ಒಳಗೆ."

"ನಾಟಕದ ಪರದೆಗೆ ನಾನು ಎಷ್ಟೋ ಬಾಣ ಬರೆದಿದ್ದೇನೆ. ಎಲ್ಲ ಅಡ್ಡಕ್ಕೆ ಹೋಗುವುದೇ. ಗೋಡೆಗೆ ಹೊಕ್ಕದ್ದು ಒಂದೂ ಇಲ್ಲ."

ಹೇಳಿದವನೇ ಎದ್ದು ಪಕ್ಕದ ತರಗತಿಗೆ ನಡೆದ. ಅಲ್ಲಿ ಪಾಠ ಮಾಡುತ್ತಿದ್ದ ವಿನೋದಾ ಟೀಚರ್ ಮಾತು ನಿಲ್ಲಿಸಿ ನೋಡಿದರು. ಮುಂಡಪ್ಪ ಅದೇ ಗೋಡೆಯ ಆಚೆ ಮಗ್ಗುಲನ್ನು ಸವರಿದ. ಬಾಣದ ಮೊನೆ ಗಿನೆ ಏನೂ ಇರಲಿಲ್ಲ. ತಿರುಗಿ ಬಂದು ಕೇಳಿದ:

"ಆಚೆಯ ಮಕ್ಕಳಿಗೆ ಆ ಬಾಣ ಎದುರಿಗೆ ಬರ್ತದಲ್ಲ? ಹಾಗಾದ್ರೆ ಅವರಿಗೆ ಚುಕ್ಕೆ?"

"ಹೌದು! ಈಗ ಸರಿ ಹೇಳಿದ್ರಿ."

"ಮತ್ತೆ ನಾನು ಚುಕ್ಕೆ ಇಟ್ಟದ್ದು ತಪ್ಪು ಹೇಗೆ?"

"ಆಗ ನಮ್ಮ ಎಡಗಡೆಯ ಚುಕ್ಕೆಯೆಲ್ಲ ಅವರಿಗೆ ಕತ್ತರಿ ಆಗ್ತದೆ ಮಾರಾಯ್ರೆ. ಎಲ್ಲವೂ ಚುಕ್ಕೆ, ಎಲ್ಲಿ ನಿಂತು ನೋಡಿದ್ರೂ ಆಗುವುದಿಲ್ಲ."

ಮುಂಡಪ್ಪ ಹುಡುಗರ ಬೆಂಚಿನಲ್ಲಿ ಕುಳಿತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಟರ್ಪೆಂಟೈನ್ ತೆಗೆದು ಬಲಗಡೆಯ ಚುಕ್ಕೆಗಳನ್ನು ಒರೆಸಿ, ಕತ್ತರಿ ಗೆರೆ ಎಳೆದ.

ಕೆಲವು ವರ್ಷಗಳ ಬಳಿಕ ಅವನ ಮಗಳು ಕಾಂತಿ ಅದೇ ಗೋಡೆಯೆದುರು ಕುಳಿತು ಅದೇ ಪಾಠ ಕಲಿತಳು. ಮನೆಗೆ ಬಂದು, ತೆಂಗಿನ ಗರಿಯ ಕಡ್ಡಿಯೊಂದನ್ನು ಅಪ್ಪನ ಕಣ್ಣೆದುರು ಮುಂದೆ ತಂದು, ಹಿಂದೆ ಒಯ್ದು ವಿವರಿಸಿದಳು.

"ಈಗ ಗೊತ್ತಾಯ್ತಾ ಅಪ್ಪಾ?"

"ಕಡ್ಡಿಯದ್ದು ಗೊತ್ತಾಯ್ತು ಮಗಾ," ಎಂದ ಮುಂಡಪ್ಪ. "ಗೋಡೆಯದ್ದು ಗೊತ್ತಾಗ್ಲಿಲ್ಲ."