ಕಟ್ಟದ ದೊರೆಗೆ ಬಾಯಿ ಕೊಟ್ಟ ಕಂಡಕ್ಟರ್

ಪುತ್ತೂರು–ಕಡಬ ಬಸ್ಸಿನ ಕಂಡಕ್ಟರ್ ವೆಂಕಟ್ರಮಣ ಭಟ್ಟರು ಖಾಲಿ ಸೀಟಿಗೆ ಕೈಯೆತ್ತಿ ಗದರಿಸುವುದನ್ನು ಕಂಡು, ಪಾಪ, ಚಿಲ್ಲರೆಗಾಗಿ ಜಗಳಾಡಿ ಜಗಳಾಡಿ ತಲೆ ಕೆಟ್ಟಿದೆ ಎಂದುಕೊಂಡವರಲ್ಲಿ ಇದನ್ನು ಬರೆಯುವವನೂ ಒಬ್ಬ. ಅವರು ಆದಿತ್ಯವಾರದ ತಾಳಮದ್ದಳೆಗೆ ತಯಾರಾಗುತ್ತಿದ್ದರು. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕುಳಿತು ವಾದಿಸುವ ಕಲೆ. ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಮೂವತ್ತು ವರ್ಷದಿಂದ ಭಟ್ಟರದ್ದು ಖಳನ ಪಾಲು. ಖಳ ವಾದದಲ್ಲಿ ಎಷ್ಟು ಬೇಕಾದರೂ ಏರಬಹುದು, ಆದರೆ ಕೊನೆಗೆ ತಾನಾಗಿ ಇಳಿದು ಕಥೆಗೆ ದಾರಿ ಬಿಡಬೇಕು. ಕಡಬದಲ್ಲಿ ಒಮ್ಮೆ ಅವರು ಇಳಿಯಲು ಮರೆತರು. ಎದುರಿನ ನಾಯಕ ಬಾಯಿ ಕಟ್ಟಿ ಕೂತ. ಆಮೇಲೆ ಎರಡು ವರ್ಷ ಅವರನ್ನು ಯಾರೂ ಕರೆಯಲಿಲ್ಲ.

ಸುಳ್ಯದ ಎಂಜಿನಿಯರಿಂಗ್ ವಿದ್ಯಾರ್ಥಿನಿ ಸುರಕ್ಷಾ ಭಟ್ಟರನ್ನು ಹುಡುಕಿಕೊಂಡು ಬಂದದ್ದು ಗಂಟಲಿಗಾಗಿ. ಅವಳ ಕೊನೆಯ ವರ್ಷದ ಪ್ರಾಜೆಕ್ಟು ಒಂದು ವಿಡಿಯೋ ಗೇಮು. ಹೊಳೆಗೆ ಅಡ್ಡಲಾಗಿ ಕಟ್ಟ ಹಾಕಿ ಕೆಳಗಿನ ಊರಿಗೆ ನೀರು ಬಿಡದ ದೊರೆಯನ್ನು ಆಡುವವನು ಕೊಲ್ಲಬೇಕು. ದೊರೆಗೆ ಬರೆದಿದ್ದ ಮಾತು ಒಂದೇ: ‘ಹ್ಹಹ್ಹಹ್ಹ! ನೀರು ಕೊಡಲಾರೆ!’

“ಯಾಕೆ ಕೊಡುದಿಲ್ಲ?” ಎಂದರು ಭಟ್ಟರು.

“ಅವ ವಿಲನ್ ಅಲ್ವಾ ಸರ್.”

“ಅದೆಂತ ಮಾರಾಯ್ತಿ, ಉದ್ಯೋಗವಾ? ಬೆಳಿಗ್ಗೆ ಎದ್ದು ಹಲ್ಲುಜ್ಜಿ ನಗ್ಲಿಕ್ಕೆ ಹೋಗುದಾ?”

ಮೈಕಿನ ಮುಂದೆ ಕೂತವರು ನಲವತ್ತು ನಿಮಿಷ ಏಳಲಿಲ್ಲ. ಸುರಕ್ಷಾಳ ಜೊತೆಗಾರ ಕೀರ್ತನ್ ಅದನ್ನು ನಾಲ್ಕು ನಿಮಿಷಕ್ಕೆ ಕತ್ತರಿಸಿದ.

ಪರೀಕ್ಷಕರಾಗಿ ಪುತ್ತೂರಿನಿಂದ ಬಂದ ಕೃಷ್ಣಮೋಹನರು, ತಾವು ಆಡದ ಗೇಮೇ ಇಲ್ಲವೆಂದು ಘೋಷಿಸಿಯೇ ಕುರ್ಚಿಗೆ ಉಪಕಾರ ಮಾಡಿದರು. ಹತ್ತು ನಿಮಿಷದೊಳಗೆ ಗೇಮು ಮುಗಿಯದಿದ್ದರೆ ಫೇಲು. ನಡುವೆ ವಿದ್ಯಾರ್ಥಿಗಳು ಬಾಯಿ ಹಾಕುವಂತಿಲ್ಲ. ಸುರಕ್ಷಾ ಆಗಲೇ ಒಮ್ಮೆ ಫೇಲಾದವಳು.

ಮೂರನೇ ನಿಮಿಷಕ್ಕೆ ಕಟ್ಟದ ಮೇಲೆ ದೊರೆ ಎದುರಾದ; ಭಟ್ಟರ ಕಂಠದಲ್ಲಿ ವಾದ ಶುರುವಾಯಿತು. “ಕಟ್ಟ ಇಲ್ಲದ ವರ್ಷ ನೆರೆ ಬಂದು ನನ್ನ ಮಗಳನ್ನು ಒಯ್ಯಿತು. ನಿನ್ನ ಊರಿನ ಏಳು ಮಕ್ಕಳನ್ನೂ ಒಯ್ಯಿತು. ಕಟ್ಟಿದ ಮೇಲೆ ಒಬ್ಬರಾದರೂ ಹೋದರೇ? ಹೊಡೆ! ಬರುವ ಮಳೆಗಾಲ ಹೊಳೆಗೆ ಎದೆಕೊಟ್ಟು ನಿಲ್ಲುವವರು ಯಾರು, ಅದನ್ನು ಹೇಳಿ ಹೊಡೆ.”

ಮಾತು ಮುಗಿಯುವಾಗ ಏಳು ನಿಮಿಷ. ಕೃಷ್ಣಮೋಹನರ ಬೆರಳು ಹೊಡೆಯುವ ಗುಂಡಿಯಿಂದ ಮೇಲೆದ್ದಿತು. ಪರದೆಯಲ್ಲಿ ದೊರೆ ಸುಮ್ಮನೆ ನಿಂತಿದ್ದ. ಆಡುವವನು ಹೊಡೆಯದಿದ್ದರೆ ಮುಂದೇನೆಂದು ಯಾರೂ ಯೋಚಿಸಿರಲಿಲ್ಲ. ಎಂಟು ನಿಮಿಷ.

ತಮ್ಮ ದೊರೆಯನ್ನು ನೋಡಲು ಬಂದು ಹಿಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಭಟ್ಟರಿಗೆ ಆ ಮೌನದ ಗುರುತು ಸಿಕ್ಕಿತು. ಕಡಬದ್ದೇ.

“ನಾನು ಇಳಿದ ಮಾತು ಎಲ್ಲಿ?” ಎಂದು ಕೀರ್ತನನ ತೋಳು ಹಿಡಿದರು.

“ಅದು… ಸ್ವಲ್ಪ ಡಲ್ ಉಂಟು ಅಂತ ಕಟ್ ಮಾಡಿದೆ ಸರ್.”

ಒಂಬತ್ತು. ಭಟ್ಟರು ಎದ್ದು ನಿಂತರು. ಅವರು ವಿದ್ಯಾರ್ಥಿಯಲ್ಲವಲ್ಲ!

“ಅಯ್ಯಾ ವೀರ! ಮಳೆಗಾಲದ ಮಾತು ನನ್ನದಾಯಿತು. ಬೇಸಗೆಯಲ್ಲಿ ನೀರು ಯಾಕೆ ಬಿಡಲಿಲ್ಲ ಎಂದು ಕೇಳು. ನಿನ್ನ ಊರಿನ ಬಾವಿ ಒಣಗಿದಾಗ ನನ್ನ ತೋಟ ಹಸಿರಾಗಿತ್ತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.”

ಬೆಚ್ಚಿದ ಕೃಷ್ಣಮೋಹನರ ಬೆರಳು ಗುಂಡಿಗೆ ಬಿತ್ತು. ದೊರೆ ಉರುಳಿದ. ಹತ್ತಕ್ಕೆ ಇನ್ನೂ ಹನ್ನೆರಡು ಸೆಕೆಂಡು ಬಾಕಿ ಇತ್ತು.

ಪಾಸೆಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದ ಮೇಲೆ ಕೃಷ್ಣಮೋಹನರಿಗೆ ತಮ್ಮ ಗತ್ತು ನೆನಪಾಯಿತು.

“ನಾನು ಹೊಡೆಯದೆ ನಿಂತದ್ದು ಕರುಣೆಯಿಂದ. ಅಲ್ವಾ ಭಟ್ರೇ?”

“ಅಲ್ಲ,” ಎಂದರು ಭಟ್ಟರು. “ನಿಮಗೆ ಉತ್ತರ ಗೊತ್ತಿರ್ಲಿಲ್ಲ.”