ರಾಣಿ ರೂಪಾಯಿಯ ಪರೀಕ್ಷೆ

ಕಳೆದ ವಾರ ಟ್ರಂಕಿನ ತಳದಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಎತ್ತಿದೆ. ಅತ್ತರಿನ ವಾಸನೆ ಬಂತು. ಬಂದದ್ದೋ ನಾನು ಅಂದುಕೊಂಡದ್ದೋ ಎನ್ನುವಷ್ಟು ಸಣ್ಣಗೆ. ವಿಭೂತಿ, ಕರ್ಪೂರಗಳನ್ನು ಬಿಟ್ಟು ಬೇರೆ ಪರಿಮಳಕ್ಕೆ ಪ್ರವೇಶವಿಲ್ಲದ ಮಧುಗಿರಿಯ ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷಕ್ಕೂ ಮೇಲೆ ತಲೆಮರೆಸಿಕೊಂಡು ಬದುಕಿತ್ತು. ಒಂದು ಹಸಿರು ಬಟ್ಟೆಯ ತುಂಡು. ಅದರೊಳಗೆ ಕರ್ರಗಿನ ಒಂದು ಬೆಳ್ಳಿ ರೂಪಾಯಿ. ಎರಡೂ ಶಿರಾದ ಬೆಳ್ಳಿ ಅಂಗಡಿಯ ಸಾಹೇಬರು ಕೊಟ್ಟದ್ದು...

ಡಬ್ಬಿ ತೆಗೆಸಿದ್ದು ನನ್ನ ಸೊಸೆ. ಹಳೆಯ ನಾಣ್ಯಗಳಿಗೆ ದರ್ಜೆ ಕೊಡುವ ಕಂಪನಿಗಳಿವೆಯಂತೆ. ನಾವು ಕಳಿಸಿದರೆ ಅವರು ಭೂತಗನ್ನಡಿ ಇಟ್ಟು ನೋಡಿ, ಅಸಲಿಯೋ ನಕಲಿಯೋ ತೀರ್ಮಾನಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲು ಮಾಡಿ ವಾಪಸು ಕಳಿಸುತ್ತಾರಂತೆ. ಮಕ್ಕಳಿಗೆ ಮೂವತ್ತೈದು ಅಂಕ ಬರಿಸುವುದರಲ್ಲೇ ಆಯುಷ್ಯ ಸವೆಸಿದ ಮೇಷ್ಟರಾದ ನನಗೆ ಆ ಕಂಪನಿಯ ಮೇಲೆ ಒಡನೆಯೇ ಗೌರವ ಹುಟ್ಟಿತು.

"ಕಳಿಸ್ಬುಡಿ ಮಾವ. ಸರ್ಟಿಫಿಕೇಟ್ ಇದ್ರೆ ನಾಳೆ ಅಸಲಿನಾ ನಕಲಿನಾ ಅಂತ ಯಾರೂ ಕೇಳಂಗಿಲ್ಲ" ಎಂದಳು ಸೊಸೆ.

ಫಾರಂ ಮೇಜಿನ ಮೇಲಿತ್ತು. ಐದು ದಿನ ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ.

ಶಿರಾದ ಸ್ಕೂಲಿಗೆ ನಾನು ಹೊಸದಾಗಿ ಸೇರಿದ್ದಾಗ ನಾಣ್ಯ ಸಂಗ್ರಹಿಸುವ ಗೀಳು ಹತ್ತಿತ್ತು. ಪಾವಗಡದ ಸಂತೆಯಲ್ಲಿ ಒಬ್ಬ ಮುದುಕಿಯಿಂದ ಬ್ರಿಟಿಷರ ಕಾಲದ, ರಾಣಿಯ ತಲೆಯಿರುವ ಏಳು ಬೆಳ್ಳಿ ರೂಪಾಯಿ ಕೊಂಡು ತಂದೆ. ಎಲ್ಲವೂ ಮಸಿ ಬಳಿದಂತೆ ಕಪ್ಪು. ಬಲ್ಲವರ ಮುಂದೆ ಮುಖ ತೊಳೆಯದೆ ಹೋಗಬಾರದು ಎಂಬುದು ನಮ್ಮ ಮನೆಯ ಸಂಸ್ಕಾರ. ಲಕ್ಷ್ಮೀಪೂಜೆಗೆ ನಮ್ಮಮ್ಮ ಬೆಳ್ಳಿ ಬಟ್ಟಲು ತೊಳೆಯುತ್ತಿದ್ದ ಶಾಸ್ತ್ರೋಕ್ತ ಕ್ರಮದಲ್ಲೇ, ಹುಣಸೆಹಣ್ಣು ಹಚ್ಚಿ, ವಿಭೂತಿ ಹಾಕಿ, ಒಂದು ಭಾನುವಾರ ಪೂರ್ತಿ ಉಜ್ಜಿದೆ. ರಾಣಿಯಮ್ಮ ಏಳಕ್ಕೆ ಏಳೂ ಕಡೆ ಫಳಫಳ ಹೊಳೆದಳು. ಆ ತೇಜಸ್ಸನ್ನು ಜೇಬಿಗಿಳಿಸಿಕೊಂಡು ಸಾಹೇಬರ ಅಂಗಡಿಗೆ ಹೋದೆ.

ಅವರು ಕಾಲುಂಗುರ, ಉಡಿದಾರ ಮಾಡುವವರು. ಆದರೆ ಹಳೆಯ ರೂಪಾಯಿ ಸಿಕ್ಕರೆ ಸುತ್ತಲಿನ ಊರಿನವರೆಲ್ಲ ಅವರ ಹತ್ತಿರವೇ ತರುತ್ತಿದ್ದರು. ಎಡಗೈ ತೋರುಬೆರಳ ತುದಿಯಲ್ಲಿ ನಾಣ್ಯವನ್ನು ತಕ್ಕಡಿಯಂತೆ ನಿಲ್ಲಿಸಿ, ಇನ್ನೊಂದು ನಾಣ್ಯದ ಅಂಚಿನಿಂದ ಒಮ್ಮೆ ತಟ್ಟಿ, ಕಿವಿ ಹತ್ತಿರ ತರುತ್ತಿದ್ದರು. ನಾದ ಪೂರ್ತಿ ಆರುವ ತನಕ ಅಂಗಡಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಆಮೇಲೆ ಒಂದೇ ಮಾತು: "ಅಸಲಿ." ಇಲ್ಲವೇ ನಾಣ್ಯವನ್ನು ಸುಮ್ಮನೆ ಗಿರಾಕಿಯ ಅಂಗೈಗಿಟ್ಟು, ಅವನ ಬೆರಳುಗಳನ್ನು ತಾವೇ ಮಡಚುತ್ತಿದ್ದರು. ಅಷ್ಟು ಮರ್ಯಾದೆಯಿಂದ ನಾಪಾಸು ಮಾಡುವುದನ್ನು ನಾನು ಸರ್ವೀಸಿನುದ್ದಕ್ಕೂ ಕಲಿಯಲಾಗಲಿಲ್ಲ.

ನನ್ನ ಏಳನ್ನೂ ತಟ್ಟಿ ನೋಡಿದರು. ಏಳೂ ಅಸಲಿ. ಆದರೆ ಅವರ ಮುಖ ಸಪ್ಪಗಾಯಿತು.

"ಮೇಷ್ಟ್ರೇ, ಯಾತರಲ್ಲಿ ಉಜ್ಜಿದ್ರಿ?"

ಹೆಮ್ಮೆಯಿಂದ ವಿಧಿವಿಧಾನ ವಿವರಿಸಿದೆ.

"ಮುಖ ತೊಳ್ದಿಲ್ಲ ನೀವು. ಚರ್ಮಾನೇ ಸುಲಿದ್ಬುಟ್ಟಿದೀರ. ಆ ಕಪ್ಪು ಕೊಳೆ ಅಲ್ಲ ಕಣ್ರೀ, ಉಮರ್ರು. ವಯಸ್ಸು. ನೂರು ವರ್ಷ ಕೂತ್ಕಂಡು ಸಂಪಾದ್ನೆ ಮಾಡಿದ್ದು."

ನಾನು ಇಳಿದುಹೋದದ್ದು ಕಂಡಿರಬೇಕು. ನನ್ನ ಏಳರಲ್ಲಿ ಒಂದನ್ನು ಕರಗಿಸಲೆಂದು ಇಟ್ಟುಕೊಂಡು, ಗಲ್ಲಾಪೆಟ್ಟಿಗೆಯ ಒಳಗಿಂದ ಯಾರೂ ಮುಟ್ಟದ ಒಂದು ರೂಪಾಯಿ ತೆಗೆದರು. ಅಂಚಿನ ಹತ್ತಿರ ನೀಲಿ ಬೆರೆತ ಕಪ್ಪು. ತಟ್ಟಿ, ಕೇಳಿಸಿ, ಅತ್ತರು ಘಮಿಸುವ ಹಸಿರು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು.

"ಇದು ಅಸಲಿ. ಅಂಚು ಹಿಡ್ದು ನೋಡಿ. ನಿಮ್ಮನೇರ ಕೈಗೆ ಹಬ್ಬದ ದಿನ ಮಾತ್ರ ಕೊಡಬ್ಯಾಡಿ."

ನನ್ನ ಸಂಕಟ ಈ ನಾಣ್ಯದ್ದೇ. ಉಜ್ಜಿದ ಆರಕ್ಕೆ ಕಂಪನಿಯವರು ಅಂಕವನ್ನೇ ಕೊಡುವುದಿಲ್ಲವಂತೆ. 'ತೊಳೆದದ್ದು' ಎಂದಷ್ಟೇ ಬರೆಯುತ್ತಾರಂತೆ. ಆ ತೀರ್ಪು ನನಗೆ ಶಿರಾದಲ್ಲೇ, ಚಹಾ ಸಮೇತ ಸಿಕ್ಕಿತ್ತು. ಕಳಿಸುವುದಾದರೆ ಈ ಕಪ್ಪನೆಯದನ್ನೇ ಕಳಿಸಬೇಕು. ಕಳಿಸಿದರೆ ಪರೀಕ್ಷೆಗೆ ಕೂರುವುದು ನಾಣ್ಯವಲ್ಲ, ಸಾಹೇಬರ ಕಿವಿ. ನಕಲಿ ಎಂದು ಬರೆದು ಕಳಿಸಿಬಿಟ್ಟರೆ? ತೀರಿಕೊಂಡ ಮನುಷ್ಯನನ್ನು, ಅದೂ ಎದ್ದು ಉತ್ತರ ಹೇಳಲಾಗದವನನ್ನು, ಹಾಲ್‌ಟಿಕೆಟ್ ಕೊಟ್ಟು ಕೂರಿಸುವುದು ಯಾವ ನ್ಯಾಯ ಎಂದು ಐದು ದಿನ ಯೋಚಿಸಿದೆ.

ಆರನೆಯ ದಿನ ಕಳ್ಳಂಬೆಳ್ಳದ ಪ್ರಸಂಗ ನೆನಪಾಯಿತು.

ಒಮ್ಮೆ ಕಳ್ಳಂಬೆಳ್ಳದ ರೈತನೊಬ್ಬನ ರೂಪಾಯಿಯನ್ನು ಸಾಹೇಬರು ಅಸಲಿ ಎಂದು ಹೇಳಿ ಕಳಿಸಿದ್ದರು. ನಾಲ್ಕು ದಿನ ಅವರಿಗೆ ಸಮಾಧಾನವಿಲ್ಲ. ನಾದ ಆರುವಾಗ ಕೊನೆಯಲ್ಲಿ ಎಲ್ಲೋ ಸ್ವಲ್ಪ ಮೊದಲೇ ಆರಿತು ಎಂಬ ಗುಮಾನಿ. ಭಾನುವಾರ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದರು. ನನಗೂ ರಜೆ, ಜೊತೆಗೆ ಹೋದೆ. ಆ ರೈತ ಕೆರೆ ಏರಿಯ ಪಕ್ಕದ ಕಟ್ಟೆಯ ಮೇಲೆ ಹತ್ತು ಜನರ ನಡುವೆ ಕೂತಿದ್ದ. ನಾಣ್ಯ ಅಷ್ಟರಲ್ಲಿ ಊರಿಗೆಲ್ಲ ಪ್ರದರ್ಶನವಾಗಿತ್ತು. ಸಾಹೇಬರು ಅದನ್ನು ಈಸಿಕೊಂಡು, ಮತ್ತೆ ತಟ್ಟಿ, ಕಣ್ಣುಮುಚ್ಚಿ ಕೇಳಿ, ಎಲ್ಲರೆದುರೇ ಹೇಳಿದರು:

"ನಕಲಿ ಕಣಪ್ಪ. ಅವತ್ತು ನನ್ ಕಿವಿ ತಪ್ತು. ಮಾಫ್ ಮಾಡು."

ರೈತ ತಲೆ ಕೆರೆದುಕೊಂಡ. "ಅಲ್ಲ ಸಾಬ್ರೇ, ನೀವ್ ಬಂದು ಯೋಳ್ದೇ ಇದ್ದಿದ್ರೆ ಯಾರ್ಗ್ ಗೊತ್ತಾಗ್ತಿತ್ತು? ಈಗ ನೋಡಿ, ನಂದೂ ಮಾನ ಹೋಯ್ತು, ನಿಮ್ದೂ ಹೋಯ್ತು."

"ನಂಗೆ ಗೊತ್ತಾಗಿತ್ತಲ್ಲಪ್ಪ. ಇನ್ನೆಂಗೆ ನಾಳೆ ಅಂಗಡಿ ಬಾಗ್ಲು ತೆಗೀಲಿ?"

ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿಗಳು ಎಂದಿಗಿಂತ ಹೆಚ್ಚಿದ್ದರು. ಸುದ್ದಿ ನಮ್ಮ ಬಸ್ಸಿಗಿಂತ ಮೊದಲೇ ಶಿರಾ ತಲುಪಿತ್ತು...

ಆಮೇಲೆ ನನಗೆ ಕೊರಟಗೆರೆಗೆ ವರ್ಗವಾಯಿತು. ಬಂದು ಹೋಗುವುದು ಕಡಿಮೆಯಾಯಿತು. ಸಾಹೇಬರು ಹೋದ ಸುದ್ದಿ ತಿಳಿದದ್ದು ಎರಡು ತಿಂಗಳು ತಡವಾಗಿ, ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತಿದ್ದಾಗ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಕಳ್ಳಂಬೆಳ್ಳದ ತನಕ ಹೋಗಿ ತಮ್ಮ ಉತ್ತರಪತ್ರಿಕೆಯನ್ನು ತಾವೇ ತಿದ್ದಿ ಬಂದ ಮನುಷ್ಯನನ್ನು ಪರೀಕ್ಷೆಯಿಂದ ಕಾಪಾಡಲು ನಾನು ಯಾರು? ಐದು ದಿನ ನಾನು ಮಾಡುತ್ತಿದ್ದದ್ದು ಅವರಿಗೆ ಗೌರವವಲ್ಲ, ಅವಮಾನ ಎನಿಸಿತು. ಇವತ್ತು ಬೆಳಿಗ್ಗೆ ಫಾರಂ ತುಂಬಿದೆ. 'ನಾಣ್ಯವನ್ನು ಹಿಂದೆ ಯಾರಾದರೂ ಪರೀಕ್ಷಿಸಿದ್ದಾರೆಯೇ' ಎಂಬ ಅಂಕಣದಲ್ಲಿ 'ಹೌದು' ಎಂದು ಬರೆದೆ. ಯಾವ ಸಂಸ್ಥೆ ಎಂಬುದಕ್ಕೆ ಜಾಗ ಸಾಲಲಿಲ್ಲ, ಗೆರೆ ಎಳೆದೆ. ಸೊಸೆ ಕೊರಿಯರಿಗೆ ಕೊಟ್ಟು ಬಂದಳು.

ಫಲಿತಾಂಶಕ್ಕೆ ಒಂದೂವರೆ ತಿಂಗಳಾಗುತ್ತದಂತೆ. ಅದು ಅಸಲಿ ಎಂದು ಬಂದರೂ ನಕಲಿ ಎಂದು ಬಂದರೂ ಮೊದಲು ತಿಳಿಯಬೇಕಾದವರು ಒಬ್ಬರೇ. ಅವರಿಗೆ ಹೇಳುವುದು ಹೇಗೆ ಎಂಬುದಕ್ಕೆ ಮಾತ್ರ ಯಾವ ಕಂಪನಿಯ ಫಾರಮ್ಮಿನಲ್ಲೂ ಅಂಕಣವಿಲ್ಲ.